ನಾಲ್ಕು ನಾಯಿ, ಎರಡು ಸಲ ಅರ್ಧದಾರಿ

ಪ್ರಶ್ನೆ: ನಮ್ಮ ಮನೆಯಲ್ಲಿ ನಾಲ್ಕು ನಾಯಿಗಳಿವೆ. ಎಲ್ಲವನ್ನೂ ಕಾರಿನಲ್ಲಿ ಕರೆದುಕೊಂಡು ದೂರದ ಪ್ರವಾಸ ಹೋಗಬೇಕೆಂಬುದು ನನ್ನ ಬಹುದಿನದ ಆಸೆ. ಮೊದಲ ಸಲ ಒಂಬತ್ತು ತಿಂಗಳ ಮರಿ ದಾರಿಯುದ್ದಕ್ಕೂ ವಾಂತಿ ಮಾಡಿತು, ಹಿಂದಿನ ಸೀಟಿನಲ್ಲಿ ಎರಡು ನಾಯಿಗಳು ಕಚ್ಚಾಡಿದವು, 150 ಕಿ.ಮೀ. ಹೋಗಿ ವಾಪಸ್ ಬಂದೆವು. ಎರಡನೇ ಸಲ ಹೊರಡುವ ಹಿಂದಿನ ರಾತ್ರಿ ಹದಿಮೂರು ವರ್ಷದ ಹಿರಿಯ ನಾಯಿಗೆ ಕಾಲೂರಲು ಆಗಲಿಲ್ಲ. ಈಗ ಆರು ದಿನದ ಪ್ರವಾಸಕ್ಕೆ ಯೋಚಿಸಿದ್ದೇನೆ. ‘ಸಾಕು, ಅವನ್ನು ನಾಯಿ ನೋಡಿಕೊಳ್ಳುವ ಬೋರ್ಡಿಂಗ್‌ನಲ್ಲಿ ಬಿಟ್ಟು ನಾವಿಬ್ಬರೇ ಹೋಗೋಣ’ ಎನ್ನುತ್ತಾರೆ ನಮ್ಮವರು. ಹಿರಿಯ ನಾಯಿಗೆ ಇನ್ನೆಷ್ಟು ದಿನವೋ ಎಂದು ನನಗೆ ಸಂಕಟ. ನಾನು ಹಟ ಮಾಡುತ್ತಿದ್ದೇನೆಯೇ?

ಉತ್ತರ: ಎರಡು ಸಲವೂ ಒಂದು ದಿನ ದಾಟದ ಪ್ರವಾಸಕ್ಕೆ ಮೂರನೇ ಸಲ ಆರು ದಿನ ಇಟ್ಟುಕೊಂಡಿದ್ದೀರಿ. ಆ ಅವಸರ ನನಗೆ ಅರ್ಥವಾಗುತ್ತದೆ. ಸಾಕಿದ ನಾಯಿಯ ಮೂತಿ ಬೆಳ್ಳಗಾಗುವುದನ್ನು ದಿನವೂ ನೋಡುವುದು ಸುಲಭವಲ್ಲ. ಆದರೆ ಹದಿಮೂರರ ನಾಯಿಗೆ ಬೇಕಿರುವುದು ನಿಮ್ಮ ಪಕ್ಕ ಮಲಗುವ ಜಾಗ. ಅದು ಮನೆಯಿಂದ ಎಷ್ಟು ದೂರ ಎಂಬ ಲೆಕ್ಕ ಅದಕ್ಕಿಲ್ಲ.

ಪ್ರವಾಸ ಬಿಡಿ ಎನ್ನುತ್ತಿಲ್ಲ. ನಾಲ್ಕರಲ್ಲಿ ಯಾವುದಕ್ಕೆ ತ್ರಾಣ ಕಡಿಮೆಯೋ ಅದರ ಅಳತೆಗೆ ಯೋಜನೆ ಹಾಕಿ. ಮೊದಲು ಪಶುವೈದ್ಯರಿಗೆ ಆ ಕಾಲು ತೋರಿಸಿ. ಕಾರು ತಿರುಗಿದಾಗಲೆಲ್ಲ ನಾಯಿ ಕಾಲು ಗಟ್ಟಿಯಾಗಿ ಊರಿಕೊಳ್ಳಬೇಕು. ಕೀಲುನೋವಿದ್ದರೆ ಅದೇ ದೊಡ್ಡ ಶಿಕ್ಷೆ. ದಪ್ಪ ಹಾಸಿಗೆ, ಹತ್ತಿಳಿಯಲು ರ‍್ಯಾಂಪ್, ಎರಡು ಗಂಟೆಗೊಮ್ಮೆ ನಿಲುಗಡೆ, ದಿನಕ್ಕೆ ನಾಲ್ಕೈದು ಗಂಟೆಗಿಂತ ಹೆಚ್ಚು ಓಡಿಸದಿರುವುದು, ಇಷ್ಟು ಅದಕ್ಕೆ ಬೇಕೇ ಬೇಕು.

ವಾಂತಿ ಮೊದಲೋ ಜಗಳ ಮೊದಲೋ ನೀವು ಬರೆದಿಲ್ಲ. ವಾಂತಿಯೇ ಮೊದಲು ಎಂದು ನನ್ನ ಅನುಮಾನ. ಮನೆಯಲ್ಲಿ ಒಂದು ಗುರುಗುಟ್ಟಿದರೆ ಇನ್ನೊಂದು ಎದ್ದು ಆಚೆ ಹೋಗುತ್ತದೆ, ವಿಷಯ ಮುಗಿಯಿತು. ಕಾರಿನಲ್ಲಿ ಹೋಗಲು ಆಚೆ ಎಂಬುದೇ ಇಲ್ಲ. ಹೊಟ್ಟೆ ತೊಳಸುವ ಮರಿ, ಅದರ ಗಾಬರಿ, ಮೈಗೆ ಮೈ ತಾಗುವ ಇಕ್ಕಟ್ಟು. ಹಲ್ಲು ತೋರದೆ ಅವು ಇನ್ನೇನು ಮಾಡಬೇಕಿತ್ತು? ಒಂದೊಂದಕ್ಕೂ ಅಲುಗಾಡದಂತೆ ಬಿಗಿದ ಬೇರೆ ಬೇರೆ ಕ್ರೇಟ್ (ಗೂಡಿನಂಥ ಪೆಟ್ಟಿಗೆ) ಬೇಕು. ಇಲ್ಲವೇ ನಡುವೆ ತಡೆ ಇಟ್ಟು, ಎದೆಗೆ ಹಾಕುವ ಹಾರ್ನೆಸ್‌ನಿಂದ ಸೀಟ್ ಬೆಲ್ಟಿಗೆ ಸೇರಿಸಿ. ಕೊರಳ ಪಟ್ಟಿಗೆ ಮಾತ್ರ ಕಟ್ಟಬೇಡಿ, ಗಕ್ಕನೆ ಬ್ರೇಕ್ ಹಾಕಿದರೆ ಕುತ್ತಿಗೆಗೆ ಅಪಾಯ. ನಾಲ್ಕಕ್ಕೂ ಹೀಗೆ ಜಾಗ ಮಾಡಲಾಗದಿದ್ದರೆ ಆ ಕಾರಿನಲ್ಲಿ ನಾಲ್ಕು ನಾಯಿ ಹೋಗುವಂತಿಲ್ಲ. ಇದರಲ್ಲಿ ರಾಜಿ ಬೇಡ.

ಮರಿಗಳಲ್ಲಿ ಸಮತೋಲನ ಕಾಯುವ ಒಳಕಿವಿಯ ಭಾಗ ಪೂರ್ತಿ ಬಲಿತಿರುವುದಿಲ್ಲ. ಬೆಳೆದಂತೆ ಎಷ್ಟೋ ನಾಯಿಗಳಿಗೆ ವಾಂತಿ ತಾನಾಗಿ ನಿಲ್ಲುತ್ತದೆ, ಕಾರಿನ ಭಯ ಉಳಿದುಬಿಡದಿದ್ದರೆ. ಆ ಭಯ ಕಳೆಯಲು ನಿಂತ ಕಾರಿನಲ್ಲಿ ಸುಮ್ಮನೆ ಕೂರಿಸಿ, ಮತ್ತೊಂದು ದಿನ ಎಂಜಿನ್ ಮಾತ್ರ ಹಾಕಿ, ಆಮೇಲೆ ಬೀದಿಯ ಕೊನೆವರೆಗೆ ಹೋಗಿ ಬನ್ನಿ. ಊಟ ಹೊರಡುವ ಮೂರು ನಾಲ್ಕು ಗಂಟೆ ಮೊದಲೇ ಮುಗಿದಿರಲಿ. ಜೊಲ್ಲು ಸುರಿದರೆ, ತುಟಿ ನೆಕ್ಕಿದರೆ, ಮತ್ತೆ ಮತ್ತೆ ಆಕಳಿಸಿದರೆ ಗಾಡಿ ನಿಲ್ಲಿಸಿ. ಇಷ್ಟಕ್ಕೂ ಬಗ್ಗದಿದ್ದರೆ ನಾಯಿಗಳಿಗೆಂದೇ ಮ್ಯಾರೋಪಿಟೆಂಟ್ ಎಂಬ ಔಷಧಿಯಿದೆ, ವೈದ್ಯರನ್ನು ಕೇಳಿ. ಮನುಷ್ಯರ ಮಾತ್ರೆ ನೀವಾಗಿ ಕೊಡಬೇಡಿ.

ಇನ್ನು ನಿಮ್ಮ ಮನೆಯವರು. ಅವರ ಮನಸ್ಸಿಲ್ಲದೆ ಈ ಪ್ರವಾಸ ಆಗದು. ನಾಯಿಗಳನ್ನಷ್ಟೇ ಕಾರಿನಲ್ಲಿ ಬಿಟ್ಟು ಹೋಗುವಂತಿಲ್ಲ. ಹೊರಗೆ 24 ಡಿಗ್ರಿ ಇದ್ದರೂ ಬಿಸಿಲಲ್ಲಿ ನಿಂತ ಕಾರಿನೊಳಗೆ ಅರ್ಧ ಗಂಟೆಯಲ್ಲಿ 40 ದಾಟುತ್ತದೆ. ಕಿಟಕಿ ಸ್ವಲ್ಪ ತೆರೆದಿಟ್ಟರೆ ಹೆಚ್ಚೇನೂ ಉಪಯೋಗವಿಲ್ಲ. ಊಟಕ್ಕೋ ಶೌಚಕ್ಕೋ ಒಬ್ಬರು ಇಳಿದರೆ ಇನ್ನೊಬ್ಬರು ನಾಯಿಗಳ ಬಳಿ ಇರಲೇಬೇಕು. ಬಾಗಿಲು ತೆರೆಯುವ ಮೊದಲು ನಾಲ್ಕಕ್ಕೂ ಹಗ್ಗ ಬಿಗಿಯಲೂ ನಾಲ್ಕು ಕೈ ಬೇಕು. ಆ ಮೊದಲ ದಿನ ಅವರಿಗೆ ಹೇಗಾಗಿತ್ತು ಎಂದು ನೀವು ಕೇಳಿದ್ದೀರಾ? ಹಿಂದೆ ನಾಯಿಗಳು ಕಚ್ಚಾಡುವಾಗ ಸ್ಟಿಯರಿಂಗ್ ಹಿಡಿದಿದ್ದವರು ಅವರೇ ಆಗಿದ್ದರೆ, ‘ಸಾಕು’ ಎಂಬ ಮಾತಿನೊಳಗೆ ಹೆದರಿಕೆಯೂ ಇದ್ದೀತು. ಬೋರ್ಡಿಂಗ್ ಮಾತನ್ನೂ ಪೂರ್ತಿ ತಳ್ಳಿಹಾಕಬೇಡಿ. ಎಷ್ಟು ಅಭ್ಯಾಸ ಮಾಡಿಸಿದರೂ ಕಾರು ಕಂಡರೆ ನಡುಗುವ ನಾಯಿಯನ್ನು ಪರಿಚಿತರ ಬಳಿ ಬಿಟ್ಟು ಹೋದರೆ ಅದಕ್ಕೆ ದ್ರೋಹವಾಗುವುದಿಲ್ಲ.

ಆರು ದಿನದ್ದು ಸದ್ಯಕ್ಕೆ ಬೇಡ. ಎರಡು ಗಂಟೆ ದೂರದಲ್ಲಿ ನಾಯಿಗಳನ್ನು ಸೇರಿಸುವ ಒಂದು ಜಾಗ ಹುಡುಕಿ, ಒಂದೇ ರಾತ್ರಿ ತಂಗಿ. ಯಾವ ನಾಯಿಗೆ ಕಷ್ಟವಾದರೂ ಮಾತಿಲ್ಲದೆ ತಿರುಗಿ ಬರೋಣ ಎಂದು ಇಬ್ಬರೂ ಮೊದಲೇ ಒಪ್ಪಿಕೊಳ್ಳಿ. ಆ ರಾತ್ರಿ ನಾಲ್ಕೂ ನಿದ್ದೆ ಮಾಡಿ, ಬೆಳಿಗ್ಗೆ ಹಿರಿಯ ನಾಯಿ ತಾನಾಗಿ ರ‍್ಯಾಂಪ್ ಹತ್ತಿದರೆ ಮೂರು ದಿನದ ಪ್ರವಾಸದ ಮಾತೆತ್ತಿ.