ಬೆಳಗಾದರೆ ಕಿಟಕಿ ಗಾಜೆಲ್ಲ ನೀರು

(ಈ ವಾರ ಓದುಗರಿಗೆ ಉತ್ತರಿಸಿದವರು ದಾವಣಗೆರೆಯಲ್ಲಿ 31 ವರ್ಷಗಳಿಂದ ಕಿಟಕಿ, ಬಾಗಿಲು ಮಾಡುವ ಕಸುಬಿನಲ್ಲಿರುವವರು.)

ಪ್ರಶ್ನೆ: ಹೊಸ ಮನೆ ಕಟ್ಟಿಸಿ ಕಾರ್ತಿಕದಲ್ಲಿ ಗೃಹಪ್ರವೇಶ ಮಾಡಿದೆವು. ಅದರ ಹಿಂದೆಯೇ ಮಗಳು ಬಾಣಂತನಕ್ಕೆ ಬಂದಳು. ಅವಳು, ಕೂಸು, ನಾನು ಮಲಗುವ ಕೋಣೆಯ ಕಿಟಕಿ ಗಾಜು ಬೆಳಗ್ಗೆ ಎದ್ದು ನೋಡಿದರೆ ಒಳಗಡೆಯಿಂದ ತೊಯ್ದಿರುತ್ತದೆ. ನೀರು ಇಳಿದು ಕಿಟಕಿ ಕಟ್ಟೆಯ ಮೇಲೆ ನಿಂತು, ಕೆಳಗಿನ ಪುಟ್ಟಿ ಉಬ್ಬಿ ಉದುರುತ್ತಿದೆ. ಮೂಲೆಯಲ್ಲಿ ಕರಿ ಚುಕ್ಕೆ ಎದ್ದಿವೆ. ಮಳೆಯೇ ಇಲ್ಲ, ನೀರು ಎಲ್ಲಿಂದ ಬಂತು? ಮೇಸ್ತ್ರಿ ಗಾಜಿನ ದೋಷ ಅನ್ನುತ್ತಾನೆ, ಗಾಜು ಕೂರಿಸಿದವರು ಗೋಡೆ ಸೋರುತ್ತಿದೆ ಅನ್ನುತ್ತಾರೆ. ಎರಡು ಪದರದ ಗಾಜು ಹಾಕಿಸಿದರೆ ಸರಿಹೋದೀತೆ? ಬಾಣಂತಿಗೆ ಗಾಳಿ ತಾಗಬಾರದೆಂದು ನಮ್ಮತ್ತೆ ಕಿಟಕಿ ತೆಗೆಯಲು ಬಿಡುವುದಿಲ್ಲ.
— ಒಬ್ಬ ತಾಯಿ, ಚಿತ್ರದುರ್ಗ

ಉತ್ತರ: ಅಕ್ಕಾ, ಮೊದಲು ಮಗಳಿಗೂ ಕೂಸಿಗೂ ಒಳ್ಳೆಯದಾಗಲಿ. ಕಿಟಕಿ ಬದಲಿಸಲು ಹೋಗಬೇಡಿ. ಆ ದುಡ್ಡು ಬಾಣಂತನಕ್ಕೆ ಇರಲಿ. ನೀವು ಬರೆದದ್ದು ನೋಡಿದರೆ ಗಾಜಿನದೂ ತಪ್ಪಿಲ್ಲ, ಸೋರಿಕೆಯೂ ಅಲ್ಲ. ಆ ನೀರು ಕೋಣೆಯ ಗಾಳಿಯಲ್ಲೇ ಇದ್ದದ್ದು. ಫ್ರಿಜ್ಜಿನಿಂದ ತೆಗೆದಿಟ್ಟ ತಂಬಿಗೆಯ ಹೊರಮೈ ಬೆವರುತ್ತದಲ್ಲ, ಅದೇ ಕೆಲಸ ನಿಮ್ಮ ಗಾಜಿನ ಮೇಲೆ ರಾತ್ರಿಯಿಡೀ ನಡೆಯುತ್ತಿದೆ.

ಬೆಚ್ಚಗಿನ ಗಾಳಿ ಹೆಚ್ಚು ತೇವ ಹಿಡಿದುಕೊಳ್ಳುತ್ತದೆ, ತಣ್ಣಗಾದರೆ ಬಿಟ್ಟುಬಿಡುತ್ತದೆ. ಕೋಣೆಯೊಳಗೆ 22 ಡಿಗ್ರಿ, ಹೊರಗೆ ಮುಂಜಾವದಲ್ಲಿ 15 ಡಿಗ್ರಿ ಇದ್ದರೆ ಒಂಟಿ ಗಾಜಿನ ಒಳಮೈ ಸುಮಾರು 17 ಡಿಗ್ರಿಗೆ ಇಳಿದಿರುತ್ತದೆ. ಒಳಗಿನ ಗಾಳಿಯ ತೇವಾಂಶ ನೂರಕ್ಕೆ 80 ಇದ್ದರೆ ಅದು 18 ಡಿಗ್ರಿಯಲ್ಲೇ ನೀರು ಬಿಡಲು ಶುರುಮಾಡುತ್ತದೆ, ಅಂದರೆ ಗಾಜು ಒದ್ದೆ. ಅದೇ ತೇವಾಂಶ 60ಕ್ಕೆ ಇಳಿದರೆ ನೀರು ಬಿಡಲು ಗಾಜು 14 ಡಿಗ್ರಿಗೆ ಇಳಿಯಬೇಕು, ಅಂದರೆ ಅದೇ ಗಾಜು, ಅದೇ ಚಳಿ, ಹನಿ ನೀರಿಲ್ಲ. ಹಾಗಾಗಿ ನಾವು ಗಾಜನ್ನು ಬಿಟ್ಟು ಆ 80ನ್ನು 60ಕ್ಕೆ ಇಳಿಸುವುದು ಹೇಗೆಂದು ನೋಡಬೇಕು.

ಅಷ್ಟೊಂದು ತೇವ ಎಲ್ಲಿಂದ ಅಂತೀರಾ? ದೊಡ್ಡವರೊಬ್ಬರು ಮಲಗಿದಾಗ ಉಸಿರು, ಬೆವರಿನಲ್ಲಿ ಗಂಟೆಗೆ ಹತ್ತಿರಹತ್ತಿರ 40 ಮಿಲಿಲೀಟರ್ ನೀರು ಬಿಡುತ್ತಾರೆ. ನೀವು ತಾಯಿ ಮಗಳು ಎಂಟು ಗಂಟೆ ಮಲಗಿದರೆ ಅರ್ಧ ಲೀಟರ್ ದಾಟಿತು. ಹತ್ತಡಿ, ಹನ್ನೆರಡಡಿ ಕೋಣೆಯ ಗಾಳಿ ಪೂರ್ತಿ ತುಂಬಿದರೂ 22 ಡಿಗ್ರಿಯಲ್ಲಿ ಮುಕ್ಕಾಲು ಲೀಟರ್ ನೀರನ್ನೂ ಹಿಡಿಯಲಾರದು. ಬರೀ ಉಸಿರಿಗೇ ಕೋಣೆ ತುಂಬಿತು. ಇನ್ನು ಬಾಣಂತಿ ಕೋಣೆ. ಹಂಡೆಗಟ್ಟಲೆ ಬಿಸಿನೀರು ಎರೆದ ಬಚ್ಚಲಿನ ಹಬೆ ಕೋಣೆಗೇ ತೆರೆದುಕೊಳ್ಳುತ್ತದೆ. ಕೂಸಿನ ಬಟ್ಟೆ ಹೊರಗೆ ಹಾಕಿದರೆ ಶೀತವಾದೀತೆಂದು ಮಂಚದ ಮೇಲೆ ತಂತಿ ಕಟ್ಟಿ ಒಣಗಿಸುತ್ತೇವೆ. ಕೈಯಲ್ಲಿ ಹಿಂಡಿದ ಹತ್ತಿ ಬಟ್ಟೆ ಹೆಚ್ಚುಕಡಿಮೆ ತನ್ನ ತೂಕದಷ್ಟು ನೀರು ಹಿಡಿದಿರುತ್ತದೆ. ಒಂದು ಕಿಲೋ ಬಟ್ಟೆ ಒಣಗಿತೆಂದರೆ ಒಂದು ಲೀಟರ್ ನೀರು ಕೋಣೆಯ ಗಾಳಿಗೆ ಸೇರಿತು ಎಂದೇ ಲೆಕ್ಕ. ಅಡುಗೆಮನೆ ಬಾಗಿಲು ತೆರೆದಿದ್ದರೆ ಅಲ್ಲಿಂದಲೂ ಬರುತ್ತದೆ. ಗ್ಯಾಸ್ ಉರಿದರೆ ನೀರಾವಿ ಹುಟ್ಟುತ್ತದೆ. 14.2 ಕಿಲೋ ಸಿಲಿಂಡರ್ ಒಂದು ಖಾಲಿಯಾಗುವಷ್ಟರಲ್ಲಿ ಬರೀ ಉರಿಯಿಂದಲೇ 22 ಲೀಟರಿನಷ್ಟು ನೀರು ಆವಿಯಾಗಿ ಮನೆ ಸೇರಿರುತ್ತದೆ. ಅನ್ನದ ಹಬೆ, ಕುಕ್ಕರ್ ಸೀಟಿ ಅದರ ಮೇಲೆ.

ಹೊಸ ಮನೆಯೆಂದಿರಿ. ಅದನ್ನು ಮರೆಯಬಾರದು. 50 ಕಿಲೋ ಸಿಮೆಂಟ್ ಮೂಟೆ ಕಲಸಲು ಸುಮಾರು 25 ಲೀಟರ್ ನೀರು ಬೇಕು. ಅದರಲ್ಲಿ ಸಿಮೆಂಟ್ ಕಚ್ಚಿಕೊಂಡು ಗಟ್ಟಿಯಾಗುವುದು ಅರ್ಧದಷ್ಟು ಮಾತ್ರ, ಉಳಿದದ್ದು ಆರಿಯೇ ಹೋಗಬೇಕು. ಮನೆಗೆ ನೂರಾರು ಮೂಟೆ ಬಿದ್ದಿರುತ್ತದೆ, ಕ್ಯೂರಿಂಗ್‌ಗೆ ಹೊಡೆದ ನೀರು ಬೇರೆ. ಮುಹೂರ್ತ ತಪ್ಪೀತೆಂದು ಪ್ಲಾಸ್ಟರ್ ಹಸಿ ಇದ್ದಾಗಲೇ ಪುಟ್ಟಿ ಬಳಿದು ಬಣ್ಣ ಹೊಡೆಸಿ ಒಳಗೆ ಹೋಗುತ್ತೇವೆ. ಗೋಡೆ ಸರಿಯಾಗಿ ಆರಲು ಒಂದು ಬೇಸಿಗೆ ಬಿಸಿಲು ತಿನ್ನಬೇಕು. ಆದ್ದರಿಂದ ಉದುರಿದ ಪುಟ್ಟಿಯನ್ನು ಈಗಲೇ ಮೆತ್ತಿಸಬೇಡಿ, ಮತ್ತೆ ಉದುರುತ್ತದೆ. ಉಗಾದಿ ಕಳೆದ ಮೇಲೆ ಮಾಡಿಸಿ.

ಗೋಡೆಯ ತೇವ ಎಷ್ಟು, ಕೋಣೆಯ ತೇವ ಎಷ್ಟು ಎಂದು ನೋಡಲು ಒಂದು ಉಪಾಯವಿದೆ. ಒಂದಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಕಿಟಕಿ ಪಕ್ಕದ ಗೋಡೆಗೆ ನಾಲ್ಕೂ ಅಂಚಿಗೆ ಟೇಪ್ ಬಡಿದು ಎರಡು ದಿನ ಬಿಡಿ. ಹಾಳೆಯ ಹಿಂದೆ, ಗೋಡೆಯ ಕಡೆ ಹನಿ ಕಂಡರೆ ಗೋಡೆ ಇನ್ನೂ ಹಸಿ. ನಿಮ್ಮ ಕಡೆ ಕಂಡರೆ ಕೋಣೆಯ ಗಾಳಿಯದು. ಹೊಸ ಮನೆಯಲ್ಲಿ ಎರಡೂ ಕಡೆ ಕಾಣಬಹುದು, ಗಾಬರಿಯಾಗಬೇಡಿ. ಗೋಡೆಯ ಮೇಲೆ ಒಂದೇ ಜಾಗದಲ್ಲಿ ಮಳೆ ಬಂದಾಗ ಮಾತ್ರ ಒದ್ದೆ ಹಬ್ಬುತ್ತಿದ್ದರೆ ಅದು ಸೋರಿಕೆ. ಆಗ ಮೇಸ್ತ್ರಿಯನ್ನು ಕರೆಯಿರಿ.

ನಮ್ಮೂರಿನವರು ಅರ್ಥಮಾಡಿಕೊಳ್ಳುವ ಇನ್ನೊಂದು ಪರೀಕ್ಷೆ ಇದೆ. ನಾನು ಗಿರಾಕಿಗಳ ಮನೆಯಲ್ಲಿ ಮಾಡಿಸುತ್ತೇನೆ. ಗರಿಗರಿ ಮಂಡಕ್ಕಿಯನ್ನು ಎರಡು ಬಟ್ಟಲಿಗೆ ಹಾಕಿ, ಒಂದು ಬಾಣಂತಿ ಕೋಣೆಯಲ್ಲಿ, ಒಂದು ಪಡಸಾಲೆಯಲ್ಲಿ ರಾತ್ರಿ ತೆರೆದಿಡಿ. ಬೆಳಗ್ಗೆ ಒಂದೊಂದು ಹಿಡಿ ಬಾಯಿಗೆ ಹಾಕಿಕೊಳ್ಳಿ. ಪಡಸಾಲೆಯದು ಕರುಕುರು ಅಂದು ಕೋಣೆಯದು ಹಲ್ಲಿಗೆ ಅಂಟಿದರೆ ತೇವ ಎಲ್ಲಿ ಕೂತಿದೆ ಎಂದು ತಿಳಿಯಿತು. ಅತ್ತೆಯವರಿಗೂ ಒಂದು ಹಿಡಿ ಕೊಡಿ, ಮಾತಿಗಿಂತ ಬೇಗ ಒಪ್ಪುತ್ತಾರೆ. ಅಂಕಿಯೇ ಬೇಕೆಂದರೆ ಕೆಲವು ನೂರು ರೂಪಾಯಿಗೆ ತೇವಾಂಶ ತೋರಿಸುವ ಪುಟ್ಟ ಡಿಜಿಟಲ್ ಮೀಟರ್ ಸಿಗುತ್ತದೆ. 60ರ ಕೆಳಗಿರಲಿ.

ಈಗ ಅತ್ತೆಯವರ ಮಾತು. ಹಿರಿಯರು ಕಂಡು ಹೇಳಿದ್ದು, ಹಸಿ ಮೈಗೆ ಚಳಿಗಾಳಿ ನೇರ ಬಡಿಯಬಾರದು ನಿಜ. ಆದರೆ ಅವರ ಕಾಲದ ಕೋಣೆ ನೆನಪಿಸಿಕೊಳ್ಳಿ. ಹೆಂಚಿನ ಸಂದು, ಮಾಳಿಗೆಯ ಬೆಳಕಿಂಡಿ, ಮರದ ಕದದ ಬಿರುಕು, ಕಿಟಕಿ ಹಾಕಿದ್ದರೂ ತೇವ ತಾನಾಗಿ ಮೇಲೆ ಹೋಗುತ್ತಿತ್ತು. ಬಡಗಿಯಾಗಿದ್ದ ನಮ್ಮಪ್ಪ ಪ್ರತಿ ಕೋಣೆಗೂ ಸೂರಿನ ಹತ್ತಿರ ಅರ್ಧ ಅಡಿ ಬೆಳಕಿಂಡಿ ಬಿಡಿಸದೆ ಕೆಲಸ ಒಪ್ಪುತ್ತಿರಲಿಲ್ಲ. ಈಗ ಆರ್‌ಸಿಸಿ ಚಾವಣಿ, ರಬ್ಬರ್ ಪಟ್ಟಿ ಕೂರಿಸಿದ ಸ್ಲೈಡಿಂಗ್ ಕಿಟಕಿ. ಮುಚ್ಚಿದರೆ ಮುಚ್ಚಿದಂತೆಯೇ.

ನಾನು ಇದನ್ನು ಕಲಿತದ್ದು ನನ್ನ ಮನೆಯಲ್ಲೇ. 2008ರಲ್ಲಿ ವಿನೋಬನಗರದಲ್ಲಿ ಮನೆ ಕಟ್ಟಿದಾಗ, ರಸ್ತೆಯ ಧೂಳು ಒಳಗೆ ಬರಬಾರದೆಂದು ನನ್ನ ಕೈಯಾರೆ ಪ್ರತಿ ಸಂದಿಗೂ ಸಿಲಿಕಾನ್ ತುಂಬಿದೆ, ವೆಂಟಿಲೇಟರ್ ಬಿಡಿಸಲೇ ಇಲ್ಲ. ಎರಡನೇ ಚಳಿಗಾಲಕ್ಕೆ ಹೊರಗೋಡೆಗೆ ಒತ್ತಿಟ್ಟಿದ್ದ ಟ್ರಂಕ್ ತೆಗೆದರೆ ನನ್ನ ಹೆಂಡತಿಯ ಧಾರೆ ಸೀರೆಯ ಮಡಿಕೆ ಮಡಿಕೆಗೂ ಬೂಷ್ಟು. ಜರಿ ಕಪ್ಪಾಗಿ, ರೇಷ್ಮೆಯ ಮೇಲೆ ಬೂದಿ ಎರಚಿದಂತೆ ಚುಕ್ಕೆ. ಅವಳು ಏನೂ ಅನ್ನಲಿಲ್ಲ. ಸೀರೆಯನ್ನು ಬಿಸಿಲಿಗೆ ಹರಡಿ ಅದರ ಪಕ್ಕ ಕೂತಳು. ಮರುದಿನವೇ ಗೋಡೆ ಒಡೆಸಿ ಎರಡು ವೆಂಟಿಲೇಟರ್ ಕೂರಿಸಿದೆ. ಅಂದಿನಿಂದ ಯಾರಿಗೆ ಕಿಟಕಿ ಮಾಡಿಕೊಟ್ಟರೂ ತೇವ ಹೋಗುವ ದಾರಿ ಎಲ್ಲಿ ಎಂದು ಮೊದಲು ಕೇಳುತ್ತೇನೆ.

ನೀವು ಮಾಡಬೇಕಾದ್ದು ಇಷ್ಟು. ಬಾಣಂತಿ ನೀರು ಹಾಕಿಸಿಕೊಳ್ಳಲು ಹೋದಾಗ ಕೂಸನ್ನು ಬೇರೆ ಕೋಣೆಗೆ ಒಯ್ದು, ಇಲ್ಲಿಯ ಕಿಟಕಿಯನ್ನೂ ಅದಕ್ಕೆ ಎದುರಿನ ಬಾಗಿಲನ್ನೂ ಹದಿನೈದು ನಿಮಿಷ ಪೂರ್ತಿ ತೆರೆಯಿರಿ. ಜೋಗಿಮಟ್ಟಿ ಕಡೆ ಗಾಳಿಯಂತ್ರ ತಿರುಗಿಸುವಷ್ಟು ಗಾಳಿ ಬೀಸುವ ಊರು ನಿಮ್ಮದು, ಹದಿನೈದು ನಿಮಿಷ ಸಾಕು. ಅವರು ವಾಪಸ್ ಬರುವ ಮೊದಲು ಮುಚ್ಚಿದರೆ ಯಾರ ಮೈಗೂ ಚಳಿ ತಾಗದು. ಗೋಡೆ, ನೆಲ, ಹಾಸಿಗೆಯ ಬಿಸಿ ಉಳಿದಿರುವುದರಿಂದ ಕೋಣೆ ಬೇಗ ಬೆಚ್ಚಗಾಗುತ್ತದೆ. ಹೊರಗೆ ಮಂಜು ಕಂಡರೂ ಹೆದರಬೇಡಿ. 15 ಡಿಗ್ರಿಯ ಮಂಜಿನ ಗಾಳಿಯಲ್ಲಿರುವ ಒಟ್ಟು ನೀರು ನಿಮ್ಮ ಕೋಣೆಯ ಗಾಳಿಯಲ್ಲಿರುವುದಕ್ಕಿಂತ ಕಡಿಮೆ. ಒಳಗೆ ಬಂದು ಬೆಚ್ಚಗಾದರೆ ಅದು ಈಗಿರುವ ಗಾಳಿಗಿಂತ ಒಣಗಿದ್ದೇ. ಆಷಾಢ ಶ್ರಾವಣದ ಜಡಿ ಮಳೆಯಲ್ಲಿ ಈ ಲೆಕ್ಕ ಇಷ್ಟು ಚೆನ್ನಾಗಿ ನಡೆಯುವುದಿಲ್ಲ, ಆದರೆ ಆಗ ಗಾಜೂ ಇಷ್ಟು ತಣ್ಣಗಿರುವುದಿಲ್ಲ.

ಬಚ್ಚಲಿನ ಬಾಗಿಲು ಹಾಕಿಯೇ ಇರಲಿ. ಎಕ್ಸಾಸ್ಟ್ ಫ್ಯಾನ್ ಸ್ನಾನ ಮುಗಿದ ಮೇಲೂ ಇಪ್ಪತ್ತು ನಿಮಿಷ ತಿರುಗಲಿ. ಕೂಸಿನ ಬಟ್ಟೆ ತಾರಸಿಯ ಬಿಸಿಲಿಗೆ ಹೋಗಲಿ, ಬಿಸಿಲಿಗಿಂತ ಒಳ್ಳೆಯ ಮದ್ದಿಲ್ಲ. ರಾತ್ರಿ ಮಂಚವನ್ನು ಕಿಟಕಿಯಿಂದ ದೂರ ಸರಿಸಿ, ಸೊಳ್ಳೆ ಪರದೆಯ ಕಡೆ ಗಾಜನ್ನು ಎರಡು ಬೆರಳಷ್ಟು ಸರಿಸಿಡಿ. ದಪ್ಪ ಕರ್ಟನ್ ಗಾಜಿಗೆ ಅಂಟಿಕೊಂಡು ಜೋತಿದ್ದರೆ ಗಾಜು ಇನ್ನೂ ತಣ್ಣಗಾಗಿ ಹೆಚ್ಚು ಬೆವರುತ್ತದೆ, ಕೆಳಗೊಂದು ಗೇಣು ಬಿಡಿ. ಬೀರುವನ್ನು ಹೊರಗೋಡೆಯಿಂದ ನಾಲ್ಕು ಇಂಚು ಈಚೆಗೆ ಎಳೆಯಿರಿ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ತೇವ ಆರಲಿ, ಕೂಸು ಬೆಚ್ಚಗಿರಲಿ ಎಂದು ಮುಚ್ಚಿದ ಕೋಣೆಯೊಳಗೆ ಅಗ್ಗಿಷ್ಟಿಕೆ ಇಟ್ಟು ಮಲಗಬೇಡಿ. ಇದ್ದಿಲ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಲೋಬಾನದ ಹೊಗೆ ಹಾಕುವುದಿದ್ದರೂ ಬಾಗಿಲು ತೆರೆದೇ ಹಾಕಿ, ಕೆಂಡ ಹೊರಗೆ ಒಯ್ಯಿರಿ.

ಕಿಟಕಿಯ ಬುಡ ನೋಡಿ. ಅಲ್ಯೂಮಿನಿಯಂ ಟ್ರ್ಯಾಕಿನಲ್ಲಿ ಹೊರಗಡೆಗೆ ನೀರು ಹೋಗಲು ಸಣ್ಣ ತೂತುಗಳಿರುತ್ತವೆ. ಹೊಸ ಮನೆಯಲ್ಲಿ ಹತ್ತಕ್ಕೆ ಎಂಟು ಸಲ ಅವು ಸಿಮೆಂಟ್ ಹಾಲು, ಬಣ್ಣ, ಮರಳು ಸೇರಿ ಮುಚ್ಚಿರುತ್ತವೆ. ಕಸಬರಿಗೆ ಕಡ್ಡಿ ತೂರಿಸಿ ಕೆರೆದು, ಒಂದು ಲೋಟ ನೀರು ಹೊಯ್ದು ಹೊರಗೆ ಬೀಳುತ್ತದೆಯೇ ನೋಡಿ. ಇದೊಂದೇ ನಿಮ್ಮ ಪುಟ್ಟಿಯನ್ನು ಅರ್ಧ ಉಳಿಸುತ್ತದೆ. ಬೆಳಗ್ಗೆ ಗಾಜನ್ನು ಹಳೆಯ ಪಂಚೆಯಿಂದ ಒರೆಸಿ, ಆ ಬಟ್ಟೆಯನ್ನು ಹೊರಗೆ ಹಿಂಡಿ. ಕೋಣೆಯಲ್ಲೇ ನೇತುಹಾಕಿದರೆ ನೀರು ಮತ್ತೆ ಗಾಳಿಗೇ ಹೋಯಿತು.

ಕರಿ ಚುಕ್ಕೆಗಳು ಬೂಷ್ಟು. ಒಣಗಿದ್ದಾಗ ಉಜ್ಜಿದರೆ ಪುಡಿ ಹಾರುತ್ತದೆ. ತಾಯಿ ಮಗುವನ್ನು ಬೇರೆ ಕೋಣೆಗೆ ಕಳಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಸೋಪಿನ ನೀರಲ್ಲಿ ಒದ್ದೆ ಮಾಡಿ ತೊಳೆದು ಚೆನ್ನಾಗಿ ಆರಿಸಿ. ಬ್ಲೀಚಿಂಗ್ ಪೌಡರ್ ಬಳಸಿದರೆ ಬಚ್ಚಲು ತೊಳೆಯುವ ಆಸಿಡ್ ಜೊತೆ ಎಂದೂ ಸೇರಿಸಬೇಡಿ, ವಿಷದ ಕ್ಲೋರಿನ್ ಗಾಳಿ ಏಳುತ್ತದೆ. ಕೂಸಿಗೆ ಕೆಮ್ಮು, ಎದೆಯಲ್ಲಿ ಗೊರಗೊರ ಇದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ, ಗೋಡೆಯಲ್ಲಿ ಬೂಷ್ಟಿತ್ತು ಎಂಬುದನ್ನೂ ಹೇಳಿ.

ಪ್ರಶ್ನೆ: ನಮ್ಮದು ಎ.ಸಿ. ಕೋಣೆ. ಮಳೆಗಾಲದ ರಾತ್ರಿ ಕಿಟಕಿ ಗಾಜಿನ ಹೊರಮೈ ಮಂಜು ಹಿಡಿದು ನೀರಿಳಿಯುತ್ತದೆ. ಎ.ಸಿ. ಆರಿಸಿ ಕಿಟಕಿ ತೆರೆದರೆ ಒಳಗಡೆಯೂ ಒದ್ದೆ. ಎ.ಸಿ. ಕೆಟ್ಟಿದೆಯೇ?
— ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಕೆಟ್ಟಿಲ್ಲ. ನಿಮ್ಮಲ್ಲಿ ಚಳಿ ಒಳಗಿದೆ, ತೇವ ಹೊರಗಿದೆ, ಮೇಲಿನ ಅಕ್ಕನವರ ಮನೆಗೆ ತಿರುಗುಮುರುಗು. ಹೊರಮೈ ನೀರು ಮನೆಗೆ ತೊಂದರೆ ಕೊಡದು. ಎ.ಸಿ.ಯನ್ನು 18ಕ್ಕೆ ಇಟ್ಟಿರುತ್ತೀರಿ ಅನಿಸುತ್ತದೆ. 2020ರ ಜನವರಿಯಿಂದ ನಮ್ಮ ದೇಶದಲ್ಲಿ ಬರುವ ಕೋಣೆ ಎ.ಸಿ.ಗಳು ತಾವಾಗಿ 24ಕ್ಕೇ ಶುರುವಾಗಬೇಕೆಂಬ ನಿಯಮವಿದೆ. 25ಕ್ಕಿಟ್ಟು ಫ್ಯಾನ್ ಹಾಕಿಕೊಂಡರೆ ಗಾಜೂ ಒಣಗಿರುತ್ತದೆ, ಕರೆಂಟ್ ಬಿಲ್ಲೂ ಇಳಿಯುತ್ತದೆ. ಬೆಳಗ್ಗೆ ಎ.ಸಿ. ಆರಿಸಿದ ಕೂಡಲೇ ಕಿಟಕಿ ತೆಗೆಯಬೇಡಿ. ಹೊರಗಿನ ತೇವದ ಗಾಳಿ ತಣ್ಣಗಿನ ಗಾಜು, ನೆಲದ ಟೈಲ್ಸ್ ಮೇಲೆ ನೀರಾಗಿ ಕೂರುತ್ತದೆ, ವಯಸ್ಸಾದವರು ಜಾರುತ್ತಾರೆ. ಅರ್ಧ ಗಂಟೆ ಫ್ಯಾನ್ ತಿರುಗಿಸಿ ಆಮೇಲೆ ತೆರೆಯಿರಿ.

ನಮ್ಮ ಸೋದರಮಾವ ಇಲ್ಲಿಯ ಹತ್ತಿ ಗಿರಣಿಯ ನೇಯ್ಗೆ ವಿಭಾಗದಲ್ಲಿದ್ದರು. ಒಣಗಿದ ನೂಲು ಹರಿಯುತ್ತದೆಂದು ಅಲ್ಲಿ ಬೇಕೆಂದೇ ಗಾಳಿಗೆ ತೇವ ಬಿಡುತ್ತಿದ್ದರು. ಚಳಿಗಾಲದ ರಾತ್ರಿ ಪಾಳಿಯಲ್ಲಿ ಗಾಜಿನ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದಿತ್ತಂತೆ. ತೇವ ಕೆಲವು ಕಡೆ ಬೇಕು. ಮಲಗುವ ಕೋಣೆ ಅಂಥ ಜಾಗವಲ್ಲ.

ಪ್ರಶ್ನೆ: ಹೆದ್ದಾರಿಯ ಪಕ್ಕ ಮನೆ. ಸದ್ದು ತಡೆಯಲೆಂದು ಎರಡು ಪದರದ ಗಾಜು ಹಾಕಿಸಿ ನಾಲ್ಕು ವರ್ಷ. ಈಗ ಎರಡು ಗಾಜಿನ ನಡುವೆ ಮಂಜು ಕೂತಿದೆ, ಒರೆಸಲು ಕೈ ಹೋಗುವುದಿಲ್ಲ. ಏನು ಮಾಡಲಿ?
— ನಿವೃತ್ತ ಶಿಕ್ಷಕರು, ಚಿತ್ರದುರ್ಗ

ಉತ್ತರ: ಸಾರ್, ಎರಡು ಗಾಜಿನ ನಡುವಿನ ಒಣಗಾಳಿಯನ್ನು ಹಿಡಿದಿಡುವ ಅಂಚಿನ ಸೀಲ್ ಬಿಟ್ಟಿದೆ. ಅದರೊಳಗಿನ ತೇವ ಹೀರುವ ಹರಳುಗಳು ತುಂಬಿಹೋಗಿವೆ. ತೂತು ಕೊರೆದು ಒಣಗಿಸುತ್ತೇವೆ ಎನ್ನುವವರಿಗೆ ದುಡ್ಡು ಕೊಡಬೇಡಿ, ಆರು ತಿಂಗಳಿಗೆ ಮತ್ತೆ ಅದೇ. ಚೌಕಟ್ಟು ಗಟ್ಟಿಯಿದ್ದರೆ ಅದನ್ನು ಮುಟ್ಟದೆ ಆ ಜೋಡಿ ಗಾಜನ್ನು ಮಾತ್ರ ಬದಲಿಸಬಹುದು. ಹಳೆಯ ಬಿಲ್ಲು ಹುಡುಕಿ, ಇಂಥ ಗಾಜಿಗೆ ಕೆಲವರು ಐದು ವರ್ಷ, ಕೆಲವರು ಹತ್ತು ವರ್ಷ ವಾರಂಟಿ ಬರೆದುಕೊಟ್ಟಿರುತ್ತಾರೆ. ನಿಮ್ಮದಿನ್ನೂ ನಾಲ್ಕೇ ವರ್ಷ, ಇದೇ ವಾರ ಹೋಗಿ ಕೇಳಿ.