ಸಂಪಾದಕರ ಉತ್ತರ: ‘ನೋ ಅಫೆನ್ಸ್’ ಅಂದಮೇಲೆ

ನಿಮ್ಮ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ಪಾಪ ಅನಿಸಿತು. ಲಂಡನ್ನಿನ ಆಫೀಸಿನಲ್ಲಿ ಜೊತೆಯವನು ‘ನೋ ಅಫೆನ್ಸ್ (ಅಂದರೆ ಬೇಜಾರು ಮಾಡ್ಕೋಬೇಡ), ಆದರೆ ನಿನ್ನ ರಿಪೋರ್ಟು ಓದೋಕಾಗಲ್ಲ’ ಅಂದ. ನಿಮ್ಮ ಮುಖ ಸಪ್ಪಗಾಯಿತು. ಮರುದಿನ ಬಂದು ‘ನಿನಗೆ ಅಫೆನ್ಸ್ ಆಗಿದ್ದರೆ ಸಾರಿ’ ಅಂದ. ಇದು ಕ್ಷಮೆಯೋ, ಎರಡನೇ ಸಲ ಬೈದದ್ದೋ ಅಂತ ಕೇಳಿದ್ದೀರಿ.

ನನ್ನ ಲೆಕ್ಕದಲ್ಲಿ ಕ್ಷಮೆ ಅಲ್ಲ. ಎಲ್ಲ ಆಟವೂ ಆ ‘ಆಗಿದ್ದರೆ’ಯಲ್ಲೇ ಇದೆ. ಇಂಗ್ಲಿಷಿನಲ್ಲಿ ಇನ್ಸಲ್ಟ್ ಅಂದರೆ ಮಾಡಿದವನ ಕೆಲಸ. ಅಫೆನ್ಸ್ ಹಾಗಲ್ಲ. ಅದನ್ನು ಕೊಡುವುದೂ ಉಂಟು, ತಗೊಳ್ಳುವುದೂ ಉಂಟು. ‘ನೋ ಅಫೆನ್ಸ್’ ಅಂದವನಿಗೆ ಅಲ್ಲಿಯವರು ‘ನನ್ ಟೇಕನ್’ ಅನ್ನುತ್ತಾರೆ, ‘ತಗೊಂಡಿಲ್ಲ ಬಿಡು’ ಅಂತ. ಅಂದವನ ತಪ್ಪು ಸುಮ್ನೆ ಕೇಳಿದವನ ತಲೆಗೆ ಬಂತು, ಅಲ್ವಾ?

ಇಂಥದೊಂದು ಜಗಳ ಕೋರ್ಟಿಗೂ ಹೋಗಿತ್ತು. 1971ರ ವಿಂಬಲ್ಡನ್. ದಕ್ಷಿಣ ಆಫ್ರಿಕಾದ ಆಟಗಾರನ ಪಂದ್ಯ. ವರ್ಣಭೇದದ ವಿರುದ್ಧ ಹೋರಾಡುತ್ತಿದ್ದ ಡೆನಿಸ್ ಬ್ರೂಟಸ್ ಅಂಗಳಕ್ಕಿಳಿದು ಸೀಟಿ ಊದಿದರು, ಕರಪತ್ರ ಎಸೆದರು, ಅಲ್ಲೇ ಕೂತುಬಿಟ್ಟರು. ದುಡ್ಡು ಕೊಟ್ಟು ಬಂದವರಿಗೆ ಸಿಟ್ಟು ನೆತ್ತಿಗೇರಿತು. ‘ಇನ್ಸಲ್ಟಿಂಗ್’, ಅಂದರೆ ಅವಮಾನ ಮಾಡುವ ನಡವಳಿಕೆ ಅಂತ ಕೇಸು ಬಿತ್ತು, ಆಗ ಅಲ್ಲಿಯ ಅತಿ ದೊಡ್ಡ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. ಜನಕ್ಕೆ ಸಿಟ್ಟು ಬಂದ ಮಾತ್ರಕ್ಕೆ ಅವಮಾನ ಆಯಿತು ಅಂತಲ್ಲ ಎಂದರು ಅಲ್ಲಿಯ ನ್ಯಾಯಮೂರ್ತಿಗಳು. ಇನ್ಸಲ್ಟ್ ಮಾಮೂಲಿ ಪದ, ಕಂಡರೆ ಯಾರಿಗೂ ಗೊತ್ತಾಗುತ್ತದೆ, ಕೋರ್ಟು ಅದಕ್ಕೆ ಬೇರೆ ಅರ್ಥ ಕಟ್ಟಬೇಕಿಲ್ಲ ಅಂತಲೂ ಹೇಳಿದರು. ಬ್ರೂಟಸ್ ಗೆದ್ದರು. ಆಮೇಲೆ ಬಂದ 1986ರ ಪಬ್ಲಿಕ್ ಆರ್ಡರ್ (ಸಾರ್ವಜನಿಕ ಶಾಂತಿ ಕಾಯುವ) ಕಾಯ್ದೆಯ 5ನೇ ಸೆಕ್ಷನ್ನಿನಲ್ಲೂ ‘ಇನ್ಸಲ್ಟಿಂಗ್’ ಪದ ಇತ್ತು. 2014ರಲ್ಲಿ ತೆಗೆದುಹಾಕಿದರು. ‘ಅಬ್ಯೂಸಿವ್’ (ಬೈಗುಳದ) ಅನ್ನುವ ಪದ ಉಳಿದಿದೆ.

ಹಾಗಂತ ನಾವೇನು ಕಮ್ಮಿ? ‘ತಪ್ಪು ತಿಳ್ಕೋಬೇಡಿ’ ಅಂತ ಶುರುವಾದ ಮಾತು ಸಿಹಿಯಾಗಿ ಮುಗಿದದ್ದನ್ನು ನಾನಂತೂ ಕೇಳಿಲ್ಲ. ಬೇಜಾರನ್ನೂ ಅಷ್ಟೆ, ಕೇಳಿದವನೇ ‘ಮಾಡಿಕೊಳ್ಳಬೇಕು’! ಮೊನ್ನೆ ಕವಿತೆ ಹಿಡಿದು ಬಂದಿದ್ದ ಹಿರಿಯರೊಬ್ಬರಿಗೆ ನಾನೇ ‘ಬೇಜಾರು ಮಾಡ್ಕೋಬೇಡಿ ಸಾರ್’ ಅಂದೆ. ಮುಂದಿನ ಮಾತು ಬಾಯಿಂದ ಬರುವ ಮೊದಲೇ ಅವರು ಅರ್ಧ ಕಾಫಿ ಬಿಟ್ಟು ಚೀಲ ಎತ್ತಿಕೊಂಡರು. ಕವಿತೆ ಇನ್ನೂ ನನ್ನ ಮೇಜಿನ ಮೇಲೇ ಇದೆ.

ಇನ್ನೊಂದು ಸಲ ಅವನು ‘ಅಫೆನ್ಸ್ ಆಗಿದ್ದರೆ’ ಅಂದರೆ, ‘ಹೌದು, ಆಗಿದೆ’ ಅಂದುಬಿಡಿ. ಮುಂದೆ ಏನಂದ ಅಂತ ನಮಗೂ ಬರೆಯಿರಿ. ಅಂದಹಾಗೆ, ತಪ್ಪು ತಿಳ್ಕೋಬೇಡಿ, ಆ ರಿಪೋರ್ಟನ್ನು ನೀವೂ ಒಂದು ಸಲ ಓದಿ ನೋಡಿ.