ಮೂರೇ ಕಂಪ್ಯೂಟರ್‌ಗಳಿಗೆ ಸರ್ವರ್ ಪ್ರವೇಶ

ಪ್ರಶ್ನೆ: ನಮ್ಮ ಕಚೇರಿಯ ಲೆಕ್ಕಪತ್ರಗಳು ಉಬುಂಟು ಸರ್ವರ್‌ನ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿವೆ. ಲೆಕ್ಕ ವಿಭಾಗದ ಮೂರು ಕಂಪ್ಯೂಟರ್‌ಗಳಿಗಷ್ಟೇ ಪ್ರವೇಶವಿರಲೆಂದು ಅವುಗಳ ಐಪಿ ವಿಳಾಸಗಳನ್ನು, ಯಾರು ಎಲ್ಲಿಂದ ಒಳಬರಬಹುದೆಂದು ಪೋಸ್ಟ್‌ಗ್ರೆಸ್‌ಗೆ ತಿಳಿಸುವ ಪಿಜಿ-ಎಚ್‌ಬಿಎ (pg_hba.conf) ಕಡತದ ಕೊನೆಯಲ್ಲಿ ಸೇರಿಸಿದೆ. ಆದರೂ ಉಳಿದ ಕಂಪ್ಯೂಟರ್‌ಗಳಿಂದ ಪಾಸ್‌ವರ್ಡ್ ಕೊಟ್ಟು ಒಳಹೋಗಲು ಸಾಧ್ಯವಾಗುತ್ತಿದೆ. ಏಕೆ?

ಉತ್ತರ: ತಪ್ಪು ನೀವು ಬರೆದ ಸಾಲುಗಳಲ್ಲಿ ಇರಲಾರದು, ಅವುಗಳ ಮೇಲೆ ಮೊದಲೇ ಇರುವ ಇನ್ನೊಂದು ಸಾಲಿನಲ್ಲಿರಬೇಕು. ಪೋಸ್ಟ್‌ಗ್ರೆಸ್ ಆ ಕಡತವನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ. ಹೊಂದಿಕೆಯಾದ ಮೊದಲ ಸಾಲಿಗೇ ತೀರ್ಮಾನ ಮುಗಿಯಿತು, ಅದರ ಕೆಳಗಿನದನ್ನು ನೋಡುವುದೇ ಇಲ್ಲ. ನಿಮ್ಮ ಸಾಲುಗಳ ಮೇಲೆಲ್ಲೋ 192.168.1.0/24 ಎಂಬಂಥ ಸಾಲು ಇರಬೇಕು. /24 ಎಂದರೆ ವಿಳಾಸದ ಮೊದಲ 24 ಬಿಟ್‌ಗಳು ಸರಿಹೊಂದಿದರೆ ಸಾಕು. ಆ ಜಾಲದ 254 ವಿಳಾಸಗಳಿಗೂ ಅನುಮತಿ ಸಿಕ್ಕಿಬಿಡುತ್ತದೆ. ಅದನ್ನು ಅಳಿಸಿ, ನಿಮ್ಮ ಮೂರು ವಿಳಾಸಗಳಿಗೂ /32 ಹಚ್ಚಿ, ಅಂದರೆ 32 ಬಿಟ್‌ಗಳೂ ಸರಿಹೊಂದುವ ಆ ಒಂದೇ ವಿಳಾಸಕ್ಕೆ ಅನುಮತಿ. ಯಾವ ಸಾಲಿಗೂ ಹೊಂದದ ಕಂಪ್ಯೂಟರ್ ತಾನಾಗಿಯೇ ಹೊರಗುಳಿಯುತ್ತದೆ. ಜಾಲದಿಂದ ಬರುವವರ ಸಾಲಿನಲ್ಲಿ ‘ಟ್ರಸ್ಟ್’ ಎಂದಿದ್ದರೆ ದಯವಿಟ್ಟು ಇಂದೇ ತೆಗೆಯಿರಿ, ಅದು ಪಾಸ್‌ವರ್ಡನ್ನೇ ಕೇಳುವುದಿಲ್ಲ. ಕಡತವನ್ನು ಮರುಲೋಡ್ ಮಾಡಿದರೆ ಸಾಕು, ಸರ್ವರ್ ನಿಲ್ಲಿಸಬೇಕಿಲ್ಲ.

ಇಷ್ಟಕ್ಕೇ ಬಿಡಬೇಡಿ. ಬೇಡದವರ ಕೋರಿಕೆ ಡೇಟಾಬೇಸ್‌ವರೆಗೂ ಬರಬಾರದು. ಉಬುಂಟುವಿನ ಯುಎಫ್‌ಡಬ್ಲ್ಯು ಫೈರ್‌ವಾಲ್‌ನಲ್ಲಿ ಒಳಬರುವ ಸಂಪರ್ಕಗಳನ್ನೆಲ್ಲ ತಡೆದು, ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಬಳಸುವ 5432ನೇ ಪೋರ್ಟನ್ನು ಆ ಮೂರು ವಿಳಾಸಗಳಿಗೆ ಮಾತ್ರ ಬಿಡಿ. ದೂರದಿಂದ ಎಸ್‌ಎಸ್‌ಎಚ್ (ಸರ್ವರ್‌ಗೆ ದೂರದಿಂದ ಆದೇಶ ಕೊಡುವ ಸುರಕ್ಷಿತ ಸಂಪರ್ಕ) ಮೂಲಕ ಕೆಲಸ ಮಾಡುವವರಾದರೆ ಮೊದಲು ನಿಮ್ಮ ಕಂಪ್ಯೂಟರ್‌ಗೆ ಅದರ 22ನೇ ಪೋರ್ಟಿನ ಅನುಮತಿ ಬರೆದು, ಆಮೇಲೆ ಫೈರ್‌ವಾಲ್ ಚಾಲೂ ಮಾಡಿ. ಈ ಕ್ರಮ ತಪ್ಪಿದರೆ ನೀವೇ ಹೊರಗೆ ಉಳಿಯುತ್ತೀರಿ. ಡೇಟಾಬೇಸ್ ಡಾಕರ್‌ನಲ್ಲಿದ್ದರೆ (ತಂತ್ರಾಂಶಗಳನ್ನು ಪ್ರತ್ಯೇಕ ಕಂಟೇನರ್‌ಗಳಲ್ಲಿ ಓಡಿಸುವ ಸಾಧನ) ಇನ್ನೊಂದು ಎಚ್ಚರ: ಡಾಕರ್ ಹೊರಗೆ ತೆರೆದ ಪೋರ್ಟ್‌ಗಳು ಯುಎಫ್‌ಡಬ್ಲ್ಯು ನಿಯಮಗಳನ್ನು ದಾಟಿ ಹೋಗುತ್ತವೆ.

ರೂಟರ್ ವಿಳಾಸಗಳನ್ನು ಬದಲಿಸದಂತೆ ಮೂರನ್ನೂ ಅದರಲ್ಲಿ ಕಾಯ್ದಿರಿಸಿ. ಆದರೂ ವಿಳಾಸವೊಂದನ್ನೇ ನಂಬುವಂತಿಲ್ಲ. ಅದೇ ಜಾಲದಲ್ಲಿರುವವರು ಬೇಕಾದ ವಿಳಾಸವನ್ನು ಕೈಯಾರೆ ಹಾಕಿಕೊಳ್ಳಬಲ್ಲರು. ಹಾಗಾಗಿ ಗಟ್ಟಿ ಪಾಸ್‌ವರ್ಡ್ ಇರಲೇಬೇಕು. ಮನೆಯಿಂದ ಕೆಲಸ ಮಾಡುವವರಿಗಾಗಿ ರೂಟರ್‌ನಲ್ಲಿ 5432 ತೆರೆಯಬೇಡಿ. ಗುಪ್ತ ಸುರಂಗದಂತೆ ಸಂಪರ್ಕ ಕೊಡುವ ವೈರ್‌ಗಾರ್ಡ್ ಎಂಬ ವಿಪಿಎನ್ ಹಾಕಿಸಿ, ಅಲ್ಲಿ ಪ್ರತಿ ಕಂಪ್ಯೂಟರಿಗೂ ತನ್ನದೇ ಕೀಲಿ, ಲ್ಯಾಪ್‌ಟಾಪ್ ಕಳೆದರೆ ಅದರ ಕೀಲಿಯನ್ನಷ್ಟೇ ತೆಗೆದುಹಾಕಬಹುದು.

ಕೊನೆಗೆ ನಾಲ್ಕನೆಯ ಕಂಪ್ಯೂಟರ್‌ನಿಂದ ಪ್ರಯತ್ನಿಸಿ. ಉತ್ತರವೇ ಬಾರದೆ ಸಮಯ ಮೀರಿದರೆ ಫೈರ್‌ವಾಲ್ ಕೆಲಸ ಮಾಡುತ್ತಿದೆ. ಪಿಜಿ-ಎಚ್‌ಬಿಎ ಕಡತದಲ್ಲಿ ಈ ವಿಳಾಸವಿಲ್ಲ ಎಂಬ ಸಂದೇಶ ಬಂದರೆ ಕೋರಿಕೆ ಡೇಟಾಬೇಸ್ ತಲುಪಿದೆ ಎಂದೇ ಅರ್ಥ. ಫೈರ್‌ವಾಲ್ ನಿಯಮಗಳನ್ನು ಮತ್ತೆ ಪರಿಶೀಲಿಸಿ.